ಸಂಕ್ರಾಂತಿ ಕಾರ್ಡಿಗೆ ಕ್ರಿಸ್‌ಮಸ್ ಶಾಯಿ: ಇಲ್ಲಿವರೆಗಿನ ಕೆಲಸ

ಈ ಸಲ ಸಂಕ್ರಾಂತಿಗೆ ಕುಸರೆಳ್ಳಿನ ಪೊಟ್ಟಣದ ಜೊತೆ ನಮ್ಮವರಿಗೆಲ್ಲ ಕೈಯಲ್ಲೇ ಬರೆದ ಕಾರ್ಡು ಕಳಿಸಬೇಕು ಅಂತ ಕೂತಿದ್ದೇನೆ. ಶಾಯಿ ಮಾತ್ರ ಕ್ರಿಸ್‌ಮಸ್‌ದು. ಬೆಂಗಳೂರಿನ ಗೆಳೆಯನೊಬ್ಬ ತನ್ನ ಹತ್ತಿರ ಇದ್ದ ಡಯಾಮೈನ್ ಹಬ್ಬದ ಶಾಯಿಗಳನ್ನು ಪುಟ್ಟ ಸೀಸೆಗಳಿಗೆ ಹಾಕಿ ಬೆಳಗಾವಿಗೆ ಕಳಿಸಿಕೊಟ್ಟ.

ಡಯಾಮೈನ್ ಹಳೇ ಕಂಪನಿ. 1864ರಲ್ಲಿ ಲಂಡನ್ನಿನಲ್ಲಿ ಶುರುವಾಗಿದ್ದು, ಈಗ ಲಿವರ್‌ಪೂಲ್‌ನಲ್ಲಿದೆ. 2019ರಲ್ಲಿ ಅವರು ‘ಇಂಕ್‌ವೆಂಟ್’ ಅನ್ನೋ ಪೆಟ್ಟಿಗೆ ತಂದರು. ಡಿಸೆಂಬರ್ 1ರಿಂದ 25ರವರೆಗೆ ದಿನಕ್ಕೊಂದು ಬಾಗಿಲು ತೆಗೆಯೋದು, ಒಳಗೆ ಒಂದು ಹೊಸ ಶಾಯಿ. ಆಮೇಲೆ ಅದೇ ಬಣ್ಣಗಳು 50 ಮಿ.ಲೀ. ಸೀಸೆಗಳಲ್ಲಿ ಬಿಡಿಯಾಗಿಯೂ ಬಂದವು. ನನಗೆ ಬಂದಿರೋದು ಆ ಮೊದಲ ವರ್ಷದ ಬಣ್ಣಗಳಲ್ಲಿ ಕೆಲವು: ಹಾಲಿ, ಜ್ಯಾಕ್ ಫ್ರಾಸ್ಟ್, ಪಾಯಿನ್‌ಸೆಟಿಯಾ, ನಟ್‌ಕ್ರ್ಯಾಕರ್, ಮಲ್ಡ್ ವೈನ್, ಫೈರ್ ಎಂಬರ್ಸ್.

ಇವುಗಳ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಆದರೆ ಎಲ್ಲರೂ ಬರೆದು ತೋರಿಸೋದು ಇಂಗ್ಲಿಷಿನಲ್ಲಿ. ಕನ್ನಡ ಬರೆದರೆ ಈ ಶಾಯಿ ಏನಾಗುತ್ತೆ? ನನಗೆ ಬೇಕಾಗಿದ್ದು ಅದು. ನಮ್ಮ ಅಕ್ಷರದಲ್ಲಿ ಗೆರೆ ನೇರ ಹೋಗೋದೇ ಕಡಿಮೆ, ಎಲ್ಲ ಸುತ್ತು. ಕೆಳಗೆ ಒತ್ತು ಬೇರೆ. ಅದಕ್ಕೆ ಎಲ್ಲ ಶಾಯಿಗೂ ಒಂದೇ ಸಾಲು ಇಟ್ಟುಕೊಂಡೆ: ‘ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ’. ಹೇಗೂ ಕಾರ್ಡಿನಲ್ಲಿ ಬರೆಯಬೇಕಾದ ಮಾತು. ಮೇಲಾಗಿ ಅದರ ತುಂಬ ಒತ್ತಕ್ಷರ.

ಡಿಸೆಂಬರ್ ಮೊದಲ ವಾರ

ಮೊದಲು ಕಾಗದ. ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ ಕತ್ತರಿಸಿ ಉಳಿದ ದಪ್ಪ ಕಾಗದದ ತುಂಡುಗಳು ಸಿಕ್ಕವು. ಹೊಳಪಿನ ಕಾಗದದ ಮೇಲೆ ಶಾಯಿ ಇಂಗೋದೇ ಇಲ್ಲ. ಹನಿಹನಿಯಾಗಿ ನಿಲ್ಲುತ್ತೆ, ಬೆರಳು ತಾಗಿದರೆ ಸಾಕು, ಬಳಿದುಕೊಂಡು ಹೋಗುತ್ತೆ. ಕೈಕಾಗದ ನೋಡೋಕೆ ಚೆಂದ, ಆದರೆ ಗೆರೆಯ ಅಂಚಿನಿಂದ ಶಾಯಿ ಎಳೆ ಎಳೆಯಾಗಿ ಹರಡುತ್ತೆ. ಕೊನೆಗೆ ನಿಂತಿದ್ದು ಸ್ಟೇಷನರಿ ಅಂಗಡಿಯ ಬಾಂಡ್ ಪೇಪರ್. ಅದನ್ನೇ ಮಡಚಿ ಕಾರ್ಡು ಮಾಡುವುದು ಅಂತ ಗಟ್ಟಿಯಾಯಿತು.

ಪೆನ್ನು ಎರಡು. ಒಂದು ಸಣ್ಣ ನಿಬ್ಬಿಂದು. ಇನ್ನೊಂದು ದಪ್ಪ ನಿಬ್ಬಿನ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನು, ಡ್ರಾಪರಿನಿಂದ ನೇರ ಹೊಟ್ಟೆಗೇ ಶಾಯಿ ತುಂಬುವಂಥದ್ದು. ಹೊಳೆಯುವ ಪುಡಿ ಇರುವ ಶಾಯಿಗೆ ಈ ಎರಡನೆಯದೇ ಸರಿ, ಪುಡಿ ಕಟ್ಟಿಕೊಂಡರೂ ಚಿಂತೆಯಿಲ್ಲ. ನಿಬ್ಬನ್ನೂ ಅದರ ಕೆಳಗಿನ ನಾಲಿಗೆಯನ್ನೂ ಕೈಯಲ್ಲೇ ಎಳೆದು ತೆಗೆಯಬಹುದು, ನಲ್ಲಿ ನೀರಿನಲ್ಲಿ ತೊಳೆಯಬಹುದು.

ಕ್ರಿಸ್‌ಮಸ್ ಹೊತ್ತಿಗೆ

ಜ್ಯಾಕ್ ಫ್ರಾಸ್ಟ್ ಮತ್ತು ಹಾಲಿ, ಇವೆರಡರಲ್ಲೇ ಜಾಸ್ತಿ ದಿನ ಕಳೆದೆ.

ಜ್ಯಾಕ್ ಫ್ರಾಸ್ಟ್ ಕಡುನೀಲಿ, ಒಳಗೆ ಮಿರುಗುವ ಪುಡಿ. ಆ ಪುಡಿ ನೀರಿನಲ್ಲಿ ಕರಗೋದಿಲ್ಲ. ಸೀಸೆ ಸುಮ್ನೆ ಇಟ್ಟರೆ ತಳಕ್ಕೆ ಕೂಡುತ್ತೆ. ತುಂಬುವ ಮೊದಲು ಸೀಸೆ ಅಲುಗಿಸಬೇಕು, ಬರೆಯುವಾಗಲೂ ಆಗಾಗ ಪೆನ್ನನ್ನು ಮೇಲೆ ಕೆಳಗೆ ಮಾಡುತ್ತಿರಬೇಕು. ಸಣ್ಣ ನಿಬ್ಬಿನ ಸೀಳಿನಿಂದ ಶಾಯಿಯೇ ಕಮ್ಮಿ ಇಳಿಯುತ್ತೆ, ಹೊಳಪು ಇನ್ನೂ ಕಮ್ಮಿ. ಹಾಗಾಗಿ ಎಲ್ಲರೂ ಹೇಳೋದು ದಪ್ಪ ನಿಬ್ಬು ಹಾಕಿ ಅಂತ. ಕನ್ನಡಕ್ಕೆ ತೊಡಕು ಬರೋದು ಇಲ್ಲೇ. ದಪ್ಪ ನಿಬ್ಬಿನಲ್ಲಿ ‘ಎಳ್ಳು’ ಬರೆದು ನೋಡಿ. ಮೇಲಿನ ಅಕ್ಷರ ಚೆನ್ನಾಗಿ ಬರುತ್ತೆ, ಕೆಳಗಿನ ಳ-ಒತ್ತಿನ ಸುತ್ತು ಮುಚ್ಚಿಹೋಗುತ್ತೆ. ‘ಬೆಲ್ಲ’ದ ಕೆಳಗೂ ಅದೇ ಕಥೆ. ಒತ್ತು ಯಾವುದು ಅಂತಲೇ ತಿಳಿಯೋದಿಲ್ಲ, ಒಂದು ನೀಲಿ ಚುಕ್ಕೆ ಅಷ್ಟೇ.

ದಾರಿ ಒಂದೇ, ಅಕ್ಷರ ದೊಡ್ಡದು ಮಾಡೋದು. ದೊಡ್ಡದಾಗಿ ಬರೆದಾಗ ಜ್ಯಾಕ್ ಫ್ರಾಸ್ಟ್ ನಿಜಕ್ಕೂ ಬೆರಗು. ಕಿಟಕಿ ಹತ್ತಿರ ಹಿಡಿದು ಸ್ವಲ್ಪ ವಾಲಿಸಿದರೆ ತಲೆಕಟ್ಟಿನ ಉದ್ದಕ್ಕೂ ಹೊಳಪು ಓಡುತ್ತೆ. ಕಾರ್ಡಿನ ಮೇಲ್ಭಾಗಕ್ಕೆ ‘ಸಂಕ್ರಾಂತಿ’ ಅನ್ನೋ ಒಂದು ಪದ ಇದರಲ್ಲಿ. ಇಡೀ ಪತ್ರ ಮಾತ್ರ ಬೇಡ.

ಹಾಲಿ ಬೇರೆ ಜಾತಿಯದು. ಇದರಲ್ಲಿ ಪುಡಿ ಇಲ್ಲ. ಬಣ್ಣವೇ ಅಷ್ಟು ದಟ್ಟವಾಗಿರುತ್ತೆ. ಕಾಗದ ಕುಡಿದು ಉಳಿದ ಬಣ್ಣ ಮೇಲೆಯೇ ಒಣಗುತ್ತೆ, ಬೆಳಕಿಗೆ ಬೇರೆ ಬಣ್ಣದಲ್ಲಿ ಮಿಂಚುತ್ತೆ. ಹಸಿರಿನ ಮೇಲೆ ಕೆಂಪು. ಅಂದರೆ ಈ ಕೆಂಪು ಕಾಣಬೇಕಾದರೆ ಶಾಯಿ ಒಂದು ಕಡೆ ನಿಲ್ಲಬೇಕು. ಪೆನ್ನು ನಿಧಾನವಾಗುವ ಜಾಗದಲ್ಲಿ, ತಿರುಗುವ ಜಾಗದಲ್ಲಿ, ಎತ್ತುವ ಜಾಗದಲ್ಲಿ ಅದು ನಿಲ್ಲುತ್ತೆ. ಕನ್ನಡದಲ್ಲಿ ಇಂಥ ಜಾಗಕ್ಕೆ ಬರವೇ ಇಲ್ಲ! ಲ-ಕಾರದ ಕೊನೆಯ ಸುರುಳಿ, ಕೊಂಬಿನ ತುದಿ, ಒತ್ತಿನ ಬುಡ. ‘ಸಂಕ್ರಾಂತಿ’ಯ ಎರಡೂ ಸೊನ್ನೆಗಳ ಅಂಚಿಗೆ ತೆಳ್ಳಗೆ ಕೆಂಪು ಉಂಗುರ ಬಂದಿತ್ತು, ಅದೂ ಸಾದಾ ಬಾಂಡ್ ಪೇಪರಿನ ಮೇಲೆ, ಸಣ್ಣ ನಿಬ್ಬಿನಲ್ಲಿ. ಜೆರಾಕ್ಸ್ ಕಾಗದದಲ್ಲಿ ಇದರಲ್ಲಿ ಅರ್ಧವೂ ಕಾಣಲಿಲ್ಲ, ಅದು ಎಲ್ಲವನ್ನೂ ಹೀರಿಬಿಡುತ್ತೆ.

ಒಂದು ಎಚ್ಚರಿಕೆ. ಮೇಲೆ ಒಣಗಿದ ಬಣ್ಣ ಪೂರ್ತಿ ಅಂಟಿಕೊಳ್ಳೋದಿಲ್ಲ. ವಾರ ಕಳೆದ ಮೇಲೂ ಒದ್ದೆ ಬೆರಳು ತಾಗಿದರೆ ಹಸಿರು ಹತ್ತುತ್ತೆ. ಸಂಕ್ರಾಂತಿ ದಿನ ಮನೆತುಂಬ ಎಣ್ಣೆ ಕೈ, ಬೆಲ್ಲದ ಕೈ. ಹಾಗಾಗಿ ಹಾಲಿಯಲ್ಲಿ ಬರೆದಿದ್ದು ಮಡಚಿದ ಕಾರ್ಡಿನ ಒಳಗೆ ಮಾತ್ರ.

ಎಲ್ಲ ಹಾಳೆಗಳನ್ನು ಸಾಲಾಗಿ ಇಟ್ಟು ಅವ್ವನಿಗೆ ತೋರಿಸಿದೆ. ನೀಲಿ ಹೊಳಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹಸಿರು ಹಾಳೆ ಎತ್ತಿಕೊಂಡು, ‘ಇದರಾಗ ಬರಿ. ಅತ್ತಿಗೆ ಚಷ್ಮಾ ಇಲ್ದ ಓದಾಕ ಬರತೈತಿ’ ಅಂದರು. ಕಾರ್ಡು ಹೋಗೋದು ವಿಜಯಪುರದ ಅತ್ತೆಯಂಥವರಿಗೇ ಅಲ್ವಾ. ಹಾಗಾಗಿ ಅವ್ವನ ಮಾತೇ ನನಗೆ ಅಳತೆ.

ವರ್ಷದ ಕೊನೆ

ಉಳಿದವು ಸಾದಾ ಶಾಯಿಗಳು, ಮಿಂಚು ಗಿಂಚು ಇಲ್ಲ. ಮಲ್ಡ್ ವೈನ್ ಕಪ್ಪುಗೆಂಪು, ಸಭ್ಯವಾಗಿದೆ, ಹಬ್ಬಕ್ಕೆ ಸ್ವಲ್ಪ ಮಂಕು. ಪಾಯಿನ್‌ಸೆಟಿಯಾ ಒಳ್ಳೆ ಕೆಂಪು. ಆದರೆ ನಮ್ಮಲ್ಲಿ ಇಡೀ ಪತ್ರ ಕೆಂಪಿನಲ್ಲಿ ಬಂದರೆ ಮಾಸ್ತರರು ತಿದ್ದಿದ ಹಾಗೆ ಕಾಣುತ್ತೆ. ಮೇಲೆ ‘ಶ್ರೀ’ ಬರೆಯೋದಕ್ಕೆ ಮೀಸಲು.

ಫೈರ್ ಎಂಬರ್ಸ್ ತುಂಬಿದ್ದು ಡಿಸೆಂಬರ್ 31ರ ಸಂಜೆ. ಬೆಳಗಾವಿಯವರಿಗೆ ಕಾರಣ ಹೇಳಬೇಕಿಲ್ಲ. ಆ ರಾತ್ರಿ ಇಲ್ಲಿನ ಕ್ಯಾಂಪ್ ಪ್ರದೇಶದಲ್ಲಿ ಹಳೇ ವರ್ಷ ಅಂತ ‘ಓಲ್ಡ್ ಮ್ಯಾನ್’ ಗೊಂಬೆಗಳನ್ನು ಸುಡುತ್ತಾರೆ. ಕೆಂಡದ ಹೆಸರಿನ ಶಾಯಿಗೆ ಅದಕ್ಕಿಂತ ಒಳ್ಳೆ ದಿನ ಯಾವುದಿದೆ? ಬಣ್ಣ ಹೆಸರಿಗೆ ತಕ್ಕಂತಿದೆ. ಗೆರೆ ಶುರುವಾಗುವಲ್ಲಿ ತಿಳಿ, ಮುಗಿಯುವಲ್ಲಿ ಗಾಢ. ಆದರೆ ಆ ತಿಳಿ ಭಾಗ ರಾತ್ರಿ ಬಲ್ಬಿನ ಬೆಳಕಿನಲ್ಲಿ ಓದೋಕೆ ಕಷ್ಟ. ಕಾರ್ಡಿಗೆ ಬೇಡ ಅಂತ ಬಿಟ್ಟೆ. ನನ್ನ ಡೈರಿಗೆ ಇರಲಿ.

ನಟ್‌ಕ್ರ್ಯಾಕರ್ ಬಗ್ಗೆ ಜಾಸ್ತಿ ನಿರೀಕ್ಷೆ ಇರಲಿಲ್ಲ. ಒಂದು ಕಂದು ಶಾಯಿ, ಅಷ್ಟೇ ಅಂದುಕೊಂಡಿದ್ದೆ. ಆದರೆ ಸಣ್ಣ ನಿಬ್ಬಿನಲ್ಲಿ ಎಲ್ಲ ಒತ್ತುಗಳೂ ಬಿಡಿಸಿ ಬಂದವು. ಬೇಗ ಒಣಗುತ್ತೆ. ಪೆನ್ನಿನ ಟೊಪ್ಪಿಗೆ ಹಾಕಿ ರಾತ್ರಿ ಇಟ್ಟರೆ ಬೆಳಗ್ಗೆ ಮೊದಲ ಗೆರೆಯಿಂದಲೇ ಬರೆಯುತ್ತೆ. ಉದ್ದ ಪತ್ರ ಬರೆಯುವವರಿಗೆ ಹೇಳಿ ಮಾಡಿಸಿದ್ದು. ಕಾರ್ಡಿನ ಒಳಗಿನ ಮಾತು, ಊರ ಸುದ್ದಿ, ಮಕ್ಕಳಿಗೆ ಆಶೀರ್ವಾದ ಎಲ್ಲ ಇದರಲ್ಲೇ.

ಈಗ

ಹಂಚಿಕೆ ಹೀಗಾಯಿತು. ‘ಶ್ರೀ’ ಪಾಯಿನ್‌ಸೆಟಿಯಾದಲ್ಲಿ, ‘ಸಂಕ್ರಾಂತಿ’ ಜ್ಯಾಕ್ ಫ್ರಾಸ್ಟ್‌ನಲ್ಲಿ, ಎಳ್ಳು-ಬೆಲ್ಲದ ಸಾಲು ಹಾಲಿಯಲ್ಲಿ, ಪತ್ರ ನಟ್‌ಕ್ರ್ಯಾಕರ್‌ನಲ್ಲಿ. ಪಾಕೀಟಿನ ಮೇಲಿನ ವಿಳಾಸ ಮಾತ್ರ ಬಾಲ್ ಪೆನ್ನಿನಲ್ಲಿ. ಈ ಶಾಯಿಗಳೆಲ್ಲ ನೀರು ಬಿದ್ದರೆ ಕದಡುತ್ತವೆ, ವಿಳಾಸ ಅಳಿಸಿದರೆ ಕಾರ್ಡು ಎಲ್ಲಿಗೂ ಮುಟ್ಟೋದಿಲ್ಲ.

ದೂರದೂರಿನ ಕಾರ್ಡುಗಳು ಮುಗಿದಿವೆ. ಬೆಳಗಾವಿಯೊಳಗಿನವು ಬಾಕಿ, ಅವನ್ನು ಕೈಯಲ್ಲೇ ಕೊಟ್ಟರಾಯಿತು. ಒಂದು ಕೊರತೆ ಮಾತ್ರ ಕಾಣುತ್ತಿದೆ. ನಮ್ಮ ಕಡೆ ಸಂಕ್ರಾಂತಿ ಅಂದರೆ ಕರಿ ಸೀರೆ, ಅದರ ಎದುರಿಗೆ ಬಿಳಿ ಕುಸರೆಳ್ಳು. ನನ್ನ ಸೀಸೆಗಳಲ್ಲಿ ಕಪ್ಪು ಒಂದೂ ಇಲ್ಲ. ಮುಂದಿನ ವರ್ಷಕ್ಕೆ ಒಳ್ಳೆ ಕಪ್ಪು ಶಾಯಿ ಹುಡುಕಬೇಕು, ಬೆಳ್ಳಿ ಹೊಳಪು ಇದ್ದರೆ ಇನ್ನೂ ಚೆನ್ನ. ಯಾರಾದರೂ ಅಂಥದ್ದರಲ್ಲಿ ಬರೆದಿದ್ದರೆ ದಯವಿಟ್ಟು ಕನ್ನಡದಲ್ಲಿ ಬರೆದ ಒಂದು ಸಾಲು ತೋರಿಸಿ. ಅದರಲ್ಲಿ ಒತ್ತಕ್ಷರ ಇರಲಿ.