ಯಗಚಿಯಲ್ಲಿ ಈಜು, ಹಗರೆಯಲ್ಲಿ ಆಲೂಗಡ್ಡೆ

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್. ಅಲ್ಲಿಂದ ಹಗರೆ ಮೇಲೆ ಹಾಸನಕ್ಕೆ 31. ಹಾಸನದಿಂದ ವಾಪಸ್ ಬೇಲೂರಿಗೆ 39. ಒಟ್ಟು 86. ಯಗಚಿ ಅಣೆಕಟ್ಟೆಯಿಂದ ಬೇಲೂರಿಗೆ ಬರುವ ದಾರಿ ಸೇರಿಸಿ, ಹಾಸನದಲ್ಲಿ ಒಂಚೂರು ಸುತ್ತು ಹಾಕಿದರೆ 90 ಆಗುತ್ತದೆ. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಅಂತಾರೆ. ಅದರ ದೊಡ್ಡ ರೂಪ ಐರನ್‌ಮ್ಯಾನ್. ಆ ಐರನ್‌ಮ್ಯಾನ್‌ನ ಅರ್ಧ ದೂರದ ಸ್ಪರ್ಧೆಗೆ ಬೇಕಾದ ಸೈಕಲ್ ದಾರಿಯೂ ಅಷ್ಟೇ. ಅದಕ್ಕೆ ಮುಂಚೆ 1.9 ಕಿ.ಮೀ. ಈಜು, ಆಮೇಲೆ 21.1 ಕಿ.ಮೀ. ಓಟ. ಮಧ್ಯೆ ಬಿಡುವು ಅಂತ ಇಲ್ಲ. ಬಟ್ಟೆ ಬದಲಿಸುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ.

ಈ ಲೆಕ್ಕ ಹಾಕಿದ್ದು ಪಿ.ಟಿ. ಮೇಷ್ಟ್ರು. ವಯಸ್ಸು ಐವತ್ತು ದಾಟಿದೆ, ಹೊಟ್ಟೆ ಮಾತ್ರ ಇಲ್ಲ. ನನ್ನದು ಹಾಸನದಲ್ಲಿ ಮೆಡಿಕಲ್ ಸ್ಟೋರ್. ದಿನವಿಡೀ ನಿಂತೇ ಇರುವ ಕೆಲಸ. ಗೋವಾದಲ್ಲಿ 2019ರಲ್ಲಿ ಐರನ್‌ಮ್ಯಾನ್ 70.3 ಶುರುವಾದಾಗಿನಿಂದ ಇಬ್ಬರಿಗೂ ಅದರ ಮೇಲೆ ಕಣ್ಣಿತ್ತು. ಆ 70.3 ಅಂದರೆ ಇದೇ ದೂರ, ಮೈಲಿ ಲೆಕ್ಕದಲ್ಲಿ. ಫೀಸು, ಸೈಕಲ್ ಸಾಗಣೆ, ಹೋಟೆಲ್ ಬಾಡಿಗೆ ಎಲ್ಲ ಕೂಡಿಸಿ ನೋಡಿದ ಮೇಷ್ಟ್ರು, "ನಮ್ಮ ಕಡೆ ಏನು ನೀರಿಲ್ವಾ, ರಸ್ತೆ ಇಲ್ವಾ?" ಅಂದರು.

ಸುಮ್ನೆ ಅಂದ ಮಾತಲ್ಲ ಅದು. 1978ರಲ್ಲಿ ಹವಾಯಿಯ ಮೊದಲ ಐರನ್‌ಮ್ಯಾನ್ ಹುಟ್ಟಿದ್ದೂ ಹೀಗೇ. ಅಲ್ಲಿ ಆಗಲೇ ಒಂದು ಸಮುದ್ರದ ಈಜು ಸ್ಪರ್ಧೆ ಇತ್ತು, ದ್ವೀಪ ಸುತ್ತುವ ಸೈಕಲ್ ಸವಾರಿ ಇತ್ತು, ಒಂದು ಮ್ಯಾರಥಾನ್ ಇತ್ತು. ಜಾನ್ ಕಾಲಿನ್ಸ್ ಅನ್ನುವ ನೌಕಾಪಡೆ ಅಧಿಕಾರಿ ಮೂರನ್ನೂ ಒಂದೇ ದಿನಕ್ಕೆ ಸೇರಿಸಿ ಓಡಿ ಅಂದರು. ಹೊರಟವರು ಹದಿನೈದು ಜನ, ಮುಗಿಸಿದವರು ಹನ್ನೆರಡು. ನಾವು ಹೊರಟಿದ್ದು ಇಬ್ಬರು. ಸ್ಕೂಟರಲ್ಲಿ ಹಿಂದೆ ಮುಂದೆ ಬರೋದಕ್ಕೆ ಚಿಕ್ಕಮಗಳೂರಿನ ನನ್ನ ಭಾವ. ಗಡುವು ಗೋವಾದ್ದೇ: ಎಂಟೂವರೆ ಗಂಟೆ.

ಜನವರಿ ಬೆಳಗಿನ ಯಗಚಿ ಹಿನ್ನೀರಿನ ಮೇಲೆ ಮಂಜು ಕೂತಿತ್ತು. ಸುಮ್ಮನೆ ಇಳಿಯುವ ನೀರಲ್ಲ ಅದು. ಮೊದಲೇ ಕೇಳಿಕೊಂಡು, ಒಂದು ದೋಣಿ, ಅದರಲ್ಲಿ ಚೆನ್ನಾಗಿ ಈಜು ಬಲ್ಲ ಇಬ್ಬರು ಹುಡುಗರು ಅಂತ ಏರ್ಪಾಟು ಮಾಡಿಕೊಂಡೇ ಇಳಿದೆವು. ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿಚೀಲ ಕಟ್ಟಿಕೊಂಡಿದ್ದೆವು. ದೂರದಿಂದ ಕಾಣುತ್ತದೆ, ಸುಸ್ತಾದರೆ ಹಿಡಿದುಕೊಳ್ಳಬಹುದು.

ಈಜುಕೊಳದಲ್ಲಿ ತಳದ ಕಪ್ಪು ಗೆರೆ ನೋಡಿಕೊಂಡು ಹೋಗುತ್ತೇವೆ. ಇಲ್ಲಿ ಕಣ್ಣ ಮುಂದೆ ಬರೀ ಹಸಿರುಗಂದು. ಚಾಚಿದ ಕೈಯ ಬೆರಳೂ ಕಾಣಿಸದು. ಎಂಟತ್ತು ಸಲ ಕೈ ಬೀಸಿ, ಒಮ್ಮೆ ಮೊಸಳೆ ಹಾಗೆ ಕಣ್ಣಷ್ಟೇ ಮೇಲೆತ್ತಿ ಗುರುತು ನೋಡಬೇಕು. ಆಚೆ ದಡದ ಎರಡು ನೀಲಗಿರಿ ಮರ ನಮ್ಮ ಗುರುತು. ಮಂಜು ದಟ್ಟವಾದಾಗ ಅವೂ ಮಾಯ. ಆಗೆಲ್ಲ ದೋಣಿ ಹುಡುಗನ ಕೂಗೇ ದಾರಿ: "ಎಡಕ್ಕೆ ಸಾರ್, ಇನ್ನೂ ಎಡಕ್ಕೆ!"

ಮೇಷ್ಟ್ರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಬಾವಿಯಲ್ಲಿ ಕಲಿತವರಿಗೆ ತಳ ಕಾಣದ ನೀರಿನ ಭಯ ಇರುವುದಿಲ್ಲ. ಅವಸರ ಇಲ್ಲದೆ ಉದ್ದುದ್ದ ಕೈ ಬೀಸಿಕೊಂಡು ನನಗಿಂತ ಮೊದಲೇ ದಡ ಸೇರಿದರು. ನಾನು ಮೇಲೆ ಬಂದಾಗ ಐವತ್ತು ನಿಮಿಷ ಆಗಿತ್ತು. ಬೆರಳು ಮರಗಟ್ಟಿ ಹೆಲ್ಮೆಟ್ಟಿನ ಬಕಲ್ ಹಾಕೋಕೆ ಆಗಲಿಲ್ಲ. ಭಾವನೇ ಹಾಕಿದರು. "ಸ್ಕೂಲಿಗೆ ಕಳಿಸೋ ಹುಡುಗನ ಹಂಗೆ ಮಾಡಬೇಕಲ್ಲಪ್ಪ ನಿಂಗೆ," ಅಂತ ಗೊಣಗುತ್ತಾ ಗದ್ದದ ಚರ್ಮವನ್ನೂ ಸೇರಿಸಿ ಕಟ್ಟಿದರು.

ಬೇಲೂರು ಪೇಟೆ ಆಗ ತಾನೇ ಅಂಗಡಿ ಬಾಗಿಲು ತೆಗೆಯುತ್ತಿತ್ತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನಿಗೆ ದೂರದಿಂದಲೇ ಒಂದು ನಮಸ್ಕಾರ ಹಾಕಿ ಹಳೇಬೀಡಿನ ಕಡೆ ತಿರುಗಿದೆವು.

ಚಿಕ್ಕಂದಿನಿಂದ ಈ ದಾರಿಯಲ್ಲಿ ಬಸ್ಸಲ್ಲಿ ಓಡಾಡಿದ್ದೇನೆ. ಸಮತಟ್ಟು ಅಂತಲೇ ತಿಳಿದಿದ್ದೆ. ಬಸ್ಸಿನ ಕಿಟಕಿ ನೆಲದ ಬಗ್ಗೆ ಹೇಳೋದೆಲ್ಲ ಸುಳ್ಳು. ತುಳಿದು ನೋಡಿದರೆ ತಿಳಿಯುತ್ತದೆ, ಇಲ್ಲಿ ರಸ್ತೆ ನಡೆಯುವುದು ಕೆರೆಗಳ ಲೆಕ್ಕದಲ್ಲಿ. ಕೆರೆ ಬರುತ್ತದೆ ಅಂದರೆ ಇಳಿಜಾರು. ಕೆರೆ ದಾಟಿತು ಅಂದರೆ ದಿಬ್ಬ. ತಗ್ಗಿದ್ದ ಕಡೆಯಲ್ಲೆಲ್ಲ ಹಿಂದಿನವರು ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಅರೆಮಲೆನಾಡಿನ ಈ ಏರಿಳಿತದಲ್ಲಿ ಯಾವ ದಿಬ್ಬವೂ ದೊಡ್ಡದಲ್ಲ, ಆದರೆ ಒಂದಾದ ಮೇಲೆ ಒಂದು ಬರುತ್ತಲೇ ಇರುತ್ತದೆ. ಎದುರಿಗೆ ಮೂಡಣ ಗಾಳಿ, ಕಣ್ಣಿಗೆ ನೇರ ಬಿಸಿಲು. ಹಳೇಬೀಡಿನ ದೋರಸಮುದ್ರ ಕೆರೆ ಕಂಡಾಗ, ರಾಜಧಾನಿಗೇ ಕೆರೆಯ ಹೆಸರಿಟ್ಟುಕೊಂಡ ಹೊಯ್ಸಳರ ಮೇಲೆ ಗೌರವ ಜಾಸ್ತಿ ಆಯಿತು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿವೆ. ಕೆರೆಗಳಿಗೂ ಒಂದು ಪಟ್ಟಿ ಬೇಕಿತ್ತು, ಅಲ್ವಾ?

ಹಳೇಬೀಡು ಬಿಟ್ಟ ಮೇಲೆ ಒಕ್ಕಣೆ ಸಿಕ್ಕಿತು. ಈ ಕಾಲದಲ್ಲಿ ನಮ್ಮ ಕಡೆ ಹುರುಳಿಯನ್ನು ಬುಡಸಮೇತ ಕಿತ್ತು ತಂದು ರಸ್ತೆಗೆ ಹರಡುತ್ತಾರೆ. ಹೋಗುವ ಬರುವ ಗಾಡಿಗಳ ಚಕ್ರವೇ ಕಣದ ಕೆಲಸ ಮಾಡುತ್ತದೆ. ಕಾರಿಗೆ ಏನೂ ಆಗಲ್ಲ. ಸೈಕಲ್ಲಿನ ಸಣ್ಣ ಟೈರು ಒಣ ಬಳ್ಳಿಯ ಮೇಲೆ ಜಾರುತ್ತದೆ. ಬಳ್ಳಿ ಚೈನಿನ ಜೊತೆ ಮೇಲೆ ಹತ್ತಿ ಹಿಂದಿನ ಗೇರಿನ ಹಲ್ಲುಗಳ ನಡುವೆ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ನಾನು ಇಳಿದು ಚಕ್ರ ಬಿಚ್ಚಿ, ಗ್ರೀಸು ಮೆತ್ತಿದ ನಾರನ್ನು ಒಂದೊಂದೇ ಎಳೆಯುತ್ತಾ ಕೂತೆ. ಎಳೆದಂತೆಲ್ಲ ಹುರುಳಿ ಕಾಳು ಟಾರಿನ ಮೇಲೆ ಪಟಪಟ ಉದುರುತ್ತಿತ್ತು. ಪಕ್ಕದಲ್ಲಿ ಮೊರ ಹಿಡಿದು ನಿಂತಿದ್ದ ಅಜ್ಜಿ ಎಲ್ಲ ನೋಡಿ ಹೇಳಿದರು: "ಅದರಲ್ಲಿ ಎಲ್ಲಿ ಒಕ್ಕಣೆ ಆಯ್ತದೆ ಮಗಾ, ಲಾರಿ ಬರಬೇಕು." ಉದುರಿದ ಕಾಳನ್ನು ಬಳಿದು ಮೊರಕ್ಕೆ ಹಾಕಿಕೊಂಡರು.

ಹಗರೆಯಲ್ಲಿ ಭಾವ ಕಾದಿದ್ದರು. ಇಲ್ಲಿ ಸ್ವಲ್ಪ ಊಟದ ವಿಚಾರ ಹೇಳಬೇಕು, ಯಾಕೆಂದರೆ ಇಷ್ಟು ದೂರದ ಓಟದಲ್ಲಿ ಕಾಲಿಗಿಂತ ಮೊದಲು ಕೈಕೊಡುವುದು ಹೊಟ್ಟೆ. ನಮ್ಮ ಸ್ನಾಯು, ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಅಂಶ ಎರಡು ಗಂಟೆಯ ಜೋರು ಕೆಲಸಕ್ಕೆ ಸಾಕು, ಅಷ್ಟೇ. ಆಮೇಲೆ ಗಂಟೆಗೆ ಸುಮಾರು 60 ಗ್ರಾಂ ಪಿಷ್ಟವೋ ಸಕ್ಕರೆಯೋ ಒಳಗೆ ಹೋಗುತ್ತಿರಬೇಕು. ತುಂಬಾ ಜನ ಓಆರ್‌ಎಸ್ ಕುಡಿದರೆ ಎಲ್ಲ ಸರಿಹೋಗುತ್ತೆ ಅಂದುಕೊಂಡಿದ್ದಾರೆ. ದಿನಾ ಅದನ್ನು ಮಾರುವವನು ನಾನೇ ಹೇಳುತ್ತೇನೆ, ಒಂದು ಲೀಟರಿಗೆ ಕಲಸುವ ಪೊಟ್ಟಣದಲ್ಲಿ ಗ್ಲೂಕೋಸ್ ಇರುವುದು ಬರೀ 13.5 ಗ್ರಾಂ, ಉಪ್ಪು 2.6 ಗ್ರಾಂ. ಅದು ಭೇದಿಗೆ ಮಾಡಿದ ಔಷಧಿ. ಬೆವರಲ್ಲಿ ಹೋದ ಉಪ್ಪಿಗೆ ಆದೀತು, ತುಳಿಯುವ ಶಕ್ತಿಗೆ ಸಾಲದು. ಬರೀ ನೀರು ಕುಡಿಯುತ್ತಾ ಹೋದರೆ ಅದಕ್ಕಿಂತ ಕಷ್ಟ, ರಕ್ತದ ಸೋಡಿಯಂ ಇಳಿದು ತಲೆ ತಿರುಗಿ ಬೀಳುತ್ತಾರೆ.

ಪೇಟೆಯಲ್ಲಿ ಸಿಗುವ ಎನರ್ಜಿ ಜೆಲ್ ನನಗೆ ಹಿಡಿಸುವುದಿಲ್ಲ. ಅಂಟು, ದುಬಾರಿ, ಮೂರನೇದು ನುಂಗುವಾಗ ವಾಕರಿಕೆ. ಅಕ್ಕ ಹಾಸನದ ಸಣ್ಣ ಆಲೂಗಡ್ಡೆಯನ್ನು ಉಪ್ಪುನೀರಲ್ಲಿ ಬೇಯಿಸಿ, ಸಿಪ್ಪೆ ಸಮೇತ ಡಬ್ಬಿಗೆ ಹಾಕಿ ಕಳಿಸಿದ್ದಳು. ಜೊತೆಗೆ ಏಲಕ್ಕಿ ಬಾಳೆ, ಅಚ್ಚು ಬೆಲ್ಲ. ಆಲೂಗಡ್ಡೆ ಇನ್ನೂ ಬೆಚ್ಚಗಿತ್ತು. ಬಾಯಲ್ಲಿ ಹಿಟ್ಟಾಗಿ, ಕೊನೆಗೆ ನಾಲಗೆ ಮೇಲೆ ಉಪ್ಪಿನ ಹರಳು ಉಳಿಯಿತು. ಮೇಷ್ಟ್ರು ಜೇಬಿಗೂ ನಾಲ್ಕು ಇಳಿಸಿದರು.

ಹಾಸನದವರೆಗೆ ಲಾರಿ, ಬಸ್ಸು, ಹಾರನ್ನು. ನಮ್ಮೂರೇ ಆದರೂ ಹೇಳುವಂಥದ್ದೇನಿಲ್ಲ. ತಿರುಗಿ ಬರುವಾಗ ಅದೇ ಗಾಳಿ ಬೆನ್ನಿಗೆ. ಹಗರೆ ಬಂದಿದ್ದೇ ಗೊತ್ತಾಗಲಿಲ್ಲ.

ಬೇಲೂರಿನ ಹೊರಗೆ ಚಿಕ್ಕಮಗಳೂರು ರಸ್ತೆಯಲ್ಲಿ ಸೈಕಲ್ ಇಳಿದು ಶೂ ಬದಲಿಸಿ ಓಡಲು ಶುರು ಮಾಡಿದಾಗ ಮಧ್ಯಾಹ್ನ ಆಗುತ್ತಾ ಬಂದಿತ್ತು. ನಾಲ್ಕು ಗಂಟೆ ದುಂಡಗೆ ತುಳಿದ ಕಾಲಿಗೆ ಉದ್ದಕ್ಕೆ ಹೆಜ್ಜೆ ಹಾಕುವುದು ಮರೆತುಹೋಗಿರುತ್ತದೆ. ಮೊದಲ ಎರಡು ಕಿಲೋಮೀಟರ್ ಮೊಣಕಾಲು ಯಾರದೋ ಅನ್ನಿಸುತ್ತಿತ್ತು. ಅದಕ್ಕೇನೂ ಮದ್ದಿಲ್ಲ, ನಿಧಾನಕ್ಕೆ ಹೋಗಬೇಕು. ಒಂಬತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ ಅಂತ ಮೇಷ್ಟ್ರ ಕಟ್ಟುನಿಟ್ಟು. ಚೆನ್ನಾಗಿ ಓಡುತ್ತಿದ್ದರೂ ಸರಿ, ಹೊತ್ತಾಯಿತು ಅಂದರೆ ನಡೆಯಲೇಬೇಕು.

ಬೇಲೂರಿಗಿಂತ ಚಿಕ್ಕಮಗಳೂರು ಸುಮಾರು ನೂರು ಮೀಟರ್ ಎತ್ತರದಲ್ಲಿದೆ. 21 ಕಿಲೋಮೀಟರಿಗೆ ಹಂಚಿದರೆ ಏನೂ ಅಲ್ಲ, ಆದರೆ ಆ ಹೊತ್ತಿಗೆ ಕಾಲಿಗೆ ಅಷ್ಟೂ ತಿಳಿಯುತ್ತದೆ. ಬರಬರುತ್ತಾ ಗಿಡಮರ ಹೆಚ್ಚಾಯಿತು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ. ಕೊಯ್ಲು ನಡೆಯುತ್ತಿದ್ದ ಕಾಲ. ಕಣದಲ್ಲಿ ಹರಡಿದ ಕಾಫಿ ಹಣ್ಣು ಒಂದು ಕಡೆ ಕೆಂಪು, ಇನ್ನೊಂದು ಕಡೆ ಒಣಗಿ ಕಪ್ಪು. ಅದರ ಹುಳಿ ವಾಸನೆ ರಸ್ತೆವರೆಗೂ ಬರುತ್ತಿತ್ತು. ಎದುರಿಗೆ ಗಿರಿಸಾಲು. 1,930 ಮೀಟರಿನ ಮುಳ್ಳಯ್ಯನಗಿರಿ ಎಷ್ಟು ಓಡಿದರೂ ಒಂದಿಷ್ಟೂ ಹತ್ತಿರ ಬಂದ ಹಾಗೆ ಕಾಣಲಿಲ್ಲ. ಅಲ್ಲಿಂದಲೇ ಇಳಿದು ಬಂದ ನೀರಲ್ಲಿ ಬೆಳಿಗ್ಗೆ ಈಜಿದ್ದು ನೆನಪಾಯಿತು. ಯಗಚಿ ಹುಟ್ಟುವುದು ಆ ಬೆಟ್ಟಗಳಲ್ಲೇ.

ಹದಿನಾರನೇ ಕಿಲೋಮೀಟರಿಗೆ ನನ್ನ ತೊಡೆ ಹಿಡಿದುಕೊಂಡಿತು. ಭಾವ ಉಪ್ಪು ಹಾಕಿದ ನಿಂಬೆ ಶರಬತ್ತು ಕೊಟ್ಟರು. ಒಂದು ಪಿಕಪ್ ತುಂಬ ಕೂಲಿ ಹೆಂಗಸರು ಹೋಗುತ್ತಿದ್ದರು. ಒಬ್ಬಾಕೆ, "ಅಣ್ಣಾ, ಹತ್ಕಳಿ, ಜಾಗ ಅದೆ!" ಅಂತ ಕೂಗಿದರು. ಹತ್ತಿಬಿಡೋಣ ಅಂತ ಅನಿಸಿದ್ದು ಸುಳ್ಳಲ್ಲ. ಮೇಷ್ಟ್ರೇ ಕೈಮುಗಿದು "ಮುಂದಕ್ಕೆ ಹೋಗಿ ತಾಯಿ" ಅಂದರು.

ಕೊನೆ ಅಂತ ನಾವು ಗುರುತು ಮಾಡಿಕೊಂಡಿದ್ದು ಚಿಕ್ಕಮಗಳೂರಿಗೆ ಇನ್ನು ನಾಲ್ಕು ಕಿಲೋಮೀಟರ್ ಅನ್ನುವ ಮೈಲಿಗಲ್ಲು. ಭಾವ ಅದರ ಮೇಲೆ ಹೆಲ್ಮೆಟ್ ಇಟ್ಟು ಕಾಯುತ್ತಿದ್ದರು. ನಾನು ಕಲ್ಲು ಮುಟ್ಟಿ ಅಲ್ಲೇ ಕೂತೆ. ಗಡುವಿಗೆ ಇನ್ನೂ ಅರ್ಧ ಗಂಟೆ ಇತ್ತು. ಮೇಷ್ಟ್ರು ಮಾತ್ರ ನಿಲ್ಲಲಿಲ್ಲ. ಗಡಿಯಾರ ನೋಡಿಕೊಂಡು, "ಇಪ್ಪತ್ತು ಪಾಯಿಂಟ್ ಒಂಬತ್ತು ತೋರಿಸ್ತಿದೆ. ಏಳ್ರೀ!" ಅಂದರು.

"ಸಾರ್, ಕಲ್ಲು ಬಂತಲ್ಲ."

"ಕಲ್ಲು ನೆಟ್ಟವರಿಗೂ ನಮ್ಮ ಓಟಕ್ಕೂ ಏನ್ರೀ ಸಂಬಂಧ? ಇನ್ನೂರು ಮೀಟರ್ ಬಾಕಿ ಇದೆ."

ಎದ್ದೆ. ಇಬ್ಬರೂ ಕಲ್ಲು ದಾಟಿ ಓಡಿದೆವು. ಭಾವ ಸ್ಕೂಟರ್ ಸ್ಟಾರ್ಟ್ ಮಾಡುತ್ತಾ, ಅಕ್ಕನಿಗೆ ಫೋನಲ್ಲಿ, "ಕಡುಬು ಈಗಲೇ ಇಳಿಸಬೇಡ, ಇವರದ್ದು ಇನ್ನೂ ಮುಗಿದಿಲ್ಲ," ಅನ್ನುವುದು ಕೇಳಿಸಿತು.