ಎರಡು ಹುಟ್ಟುಹಬ್ಬ, 46 ಮಕ್ಕಳು: ನಮ್ಮ ತಯಾರಿ ಎಲ್ಲಿಗೆ ಬಂತು

ಇನ್ನು 6 ವಾರ

ನನ್ನ ಮಗಳಿಗೆ 4 ತುಂಬುತ್ತದೆ, ಅಕ್ಕನ ಮಗನಿಗೆ 5. ನಡುವೆ ಐದೇ ದಿನ. "ಎರಡೆರಡು ಸಲ ಯಾಕೆ ಒದ್ದಾಡೋದು? ಒಂದೇ ಭಾನುವಾರ ಮಾಡಿ ಮುಗಿಸೋಣ ಕಣೇ" ಅಂದಳು ಅಕ್ಕ. ಖರ್ಚೂ ಅರ್ಧ ಆಗುತ್ತದೆ ಅಂತ ನಾನೂ ಹೂಂ ಅಂದುಬಿಟ್ಟೆ. ಪಟ್ಟಿ ಬರೆಯಲು ಕೂತಾಗ ಬುದ್ಧಿ ಬಂತು. ಇವಳ ಕ್ಲಾಸಿನವರು 18, ಅವನ ಕ್ಲಾಸಿನವರು 14, ನೆಂಟರ ಮಕ್ಕಳು 8, ಬೀದಿಯವರು 6. ನಮ್ಮಿಬ್ಬರ ಮಕ್ಕಳನ್ನು ಬಿಟ್ಟೇ 46. ಅದರಲ್ಲಿ 9 ಜನ ಇನ್ನೂ ಮೂರು ವರ್ಷ ದಾಟದವರು.

ನಮ್ಮ ಟೆರೇಸಿನಲ್ಲೇ ಮಾಡೋಣ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಇಲ್ಲೇ ಮೈಸೂರಿನಲ್ಲಿ ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಮುಂಗಡ ಕೊಟ್ಟು ಬಂದೆ. ಸಮಯ ಸಂಜೆ 4ರಿಂದ 6.30. ಚಿಕ್ಕವರ ಮಧ್ಯಾಹ್ನದ ನಿದ್ದೆ ಆಗಿರುತ್ತದೆ. ನಿದ್ದೆಗೆಟ್ಟ ಮಗುವಿನ ಮುಂದೆ ಯಾವ ಕೇಕೂ ನಡೆಯಲ್ಲ.

ಇನ್ನು 5 ವಾರ

ಭವನವನ್ನು ಮಂಡಿಯೂರಿಕೊಂಡು ನೋಡಿದೆ. ನಿಜವಾಗಿಯೂ! ಕಾವಲಿನ ಅಜ್ಜ ನಗುತ್ತಿದ್ದರು. ಆದರೆ ಮಗುವಿನ ಎತ್ತರದಿಂದ ನೋಡಿದರೆ ಬೇರೆಯದೇ ಜಾಗ ಕಾಣುತ್ತದೆ. ವೇದಿಕೆಯ ಪಕ್ಕ, ನೆಲದಿಂದ ಒಂದು ಗೇಣು ಮೇಲೆ ಪ್ಲಗ್ ಪಾಯಿಂಟ್. ಹಿತ್ತಲಲ್ಲಿ ಸಂಪಿನ ಮುಚ್ಚಳ ಸಡಿಲ, ಕಾಲಿಟ್ಟರೆ ಟಕಟಕ ಅನ್ನುತ್ತದೆ. ಮುಚ್ಚಳ ಸರಿಮಾಡಿಸುತ್ತೇವೆ ಅಂದಿದ್ದಾರೆ. ಅದನ್ನು ನಂಬಿ ಕೂರದೆ ಹಿತ್ತಲ ಬಾಗಿಲಿಗೆ ಹಾಕಲು ಒಂದು ಬೀಗ ತಂದಿಟ್ಟಿದ್ದೇನೆ.

ಇನ್ನು 4 ವಾರ

ರಿಟರ್ನ್ ಗಿಫ್ಟ್. ಕಳೆದ ವರ್ಷ ಬೇರೆಯವರ ಮನೆಗಳಿಂದ ಬಂದ ಪ್ಲಾಸ್ಟಿಕ್ ಸಾಮಾನೆಲ್ಲ ಒಂದು ಬಕೆಟ್ ತುಂಬ ಮುರಿದು ಬಿದ್ದಿದೆ. ಹಾಗಾಗಿ ಗಂಡನನ್ನು ಎಬ್ಬಿಸಿಕೊಂಡು ಚನ್ನಪಟ್ಟಣಕ್ಕೆ ಹೋದೆ. ಬೆಂಗಳೂರಿಗೆ ಹೋಗುವ ಹೊಸ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ. ಬೊಂಬೆ ಅಂಗಡಿ ಬೇಕಿದ್ದರೆ ಹಳೇ ರಸ್ತೆಗೇ ಇಳಿಯಬೇಕು.

ಒಂದು ಕಡೆ ಕೆಲಸ ನೋಡಲು ಬಿಟ್ಟರು. ಆಲೆ ಮರದ ತುಂಡು ಯಂತ್ರದಲ್ಲಿ ಗಿರಗಿರ ತಿರುಗುತ್ತಿತ್ತು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರು. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಕುಂಚವೂ ಇಲ್ಲ, ಒಣಗಲು ಕಾಯುವುದೂ ಇಲ್ಲ. ಕೊನೆಗೆ ಒಣಗಿದ ಎಲೆಯ ಗರಿ ಹಿಡಿದು ಉಜ್ಜಿದ್ದೇ ತಡ, ಫಳಫಳ.

ಬೆರಳಲ್ಲಿ ತಿರುಗಿಸುವ ಬುಗುರಿ 40 ತೆಗೆದುಕೊಂಡೆ. ಚಿಕ್ಕವರಿಗೆ ಅದು ಬೇಡ. ಟಾಯ್ಲೆಟ್ ಪೇಪರ್ ಸುತ್ತಿದ ರಟ್ಟಿನ ಕೊಳವೆ ಇರುತ್ತದಲ್ಲ, ಅದರೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನವರ ಕೈಗೆ ಸಿಗಬಾರದು. ಖಾಲಿ ಕೊಳವೆ ಬ್ಯಾಗಿನಲ್ಲೇ ಇತ್ತು, ಅಂಗಡಿಯಲ್ಲೇ ಪರೀಕ್ಷೆ ಮಾಡಿದೆ. ಬುಗುರಿ ಸಲೀಸಾಗಿ ಇಳಿಯಿತು. ಗಿಲಕಿ ಇಳಿಯಲಿಲ್ಲ. ಗಿಲಕಿ 10.

ಇನ್ನು 3 ವಾರ

ಅಡುಗೆ ಭಟ್ಟರು ಮೊದಲು ಕೇಳಿದ್ದೇ "ಎಷ್ಟು ಎಲೆ?" ದೊಡ್ಡವರು 50, ಮಕ್ಕಳು 48 ಅಂದೆ. "ಮಕ್ಕಳದ್ದು ಅರ್ಧ ಎಲೆ ಲೆಕ್ಕ ತಾಯಿ" ಅಂದರು. ಪೂರಿ ಸಾಗು, ಪುಟ್ಟ ಇಡ್ಲಿ, ಚಿತ್ರಾನ್ನ, ಕೇಸರಿಬಾತ್, ಮೊಸರನ್ನ. ಒಂದು ಮಗುವಿಗೆ ಕಡಲೆಕಾಯಿ ಬೀಜ ಆಗಿಬರಲ್ಲ ಅಂತ ಅವರಮ್ಮ ಮೊದಲೇ ಹೇಳಿದ್ದಾರೆ. ಆದ್ದರಿಂದ ಚಿತ್ರಾನ್ನಕ್ಕೆ ಕಡಲೆಬೇಳೆ ಒಗ್ಗರಣೆ ಸಾಕು, ಬೀಜ ಆ ದಿನ ಅಡುಗೆಮನೆಗೇ ಬರಬಾರದು.

ಕೇಕ್ 8 ಕೆಜಿ ಬೇಕು ಅಂತ ಬೇಕರಿಯವರ ಲೆಕ್ಕ. ಒಂದು ಕೆಜಿಗೆ ಹತ್ತು ಹನ್ನೆರಡು ತುಂಡು. ಆದರೆ ಮಕ್ಕಳು ತಿನ್ನೋದು ಮೇಲಿನ ಹೂವು ಮಾತ್ರ, ಅಲ್ವಾ? ಮೊಟ್ಟೆ ಹಾಕದ್ದು 5 ಕೆಜಿ ಹೇಳಿದ್ದೇನೆ. ತುಂಡು ಚಿಕ್ಕದಾಗಿ ಕತ್ತರಿಸಿದರಾಯಿತು.

ಇನ್ನು 2 ವಾರ

ಬಲೂನಿನವನ ಹತ್ತಿರ ಕೇಳಿದೆ, ಯಾವ ಗ್ಯಾಸ್ ತುಂಬುತ್ತೀರಿ ಅಂತ. "ಗ್ಯಾಸ್ ಅಂದ್ರೆ ಗ್ಯಾಸೇ ಮೇಡಂ." ಹೀಲಿಯಂ ಆದರೆ ಹೊತ್ತಿಕೊಳ್ಳಲ್ಲ, ಆದರೆ ದುಬಾರಿ. ಹೈಡ್ರೋಜನ್ ಆದರೆ ಒಂದು ಕಿಡಿ ಸಾಕು. ನಮ್ಮಲ್ಲಿ ಆರತಿಯೂ ಇದೆ. ಬೇಡವೇ ಬೇಡ ಅಂದು ಎದ್ದು ಬಂದೆ. ಹಿಮದ ಸ್ಪ್ರೇಯನ್ನೂ ಪಟ್ಟಿಯಿಂದ ತೆಗೆದೆ, ಅದೂ ಬೆಂಕಿ ಕಂಡರೆ ಭಗ್ ಅನ್ನುವ ಸಾಮಾನೇ. ಬಣ್ಣದ ಕಾಗದದ ತೋರಣ ನಾವೇ ಕತ್ತರಿಸುತ್ತಿದ್ದೇವೆ.

ಆಟಗಳ ಪರೀಕ್ಷೆ ನಮ್ಮ ಟೆರೇಸಿನಲ್ಲಿ ನಡೆಯಿತು, ಏಳು ಮಕ್ಕಳ ಮೇಲೆ. ಮೊದಲು ಕುರ್ಚಿ ಆಟ. ಮೂರು ವರ್ಷದವಳು ಮೊದಲ ಸುತ್ತಿಗೇ ಔಟ್. ಭೋರೆಂದು ಅಳು. ಎರಡನೆಯವನು ಔಟಾಗಿ ಸುಮ್ನೆ ಕೂರಲಾರದೆ ನಲ್ಲಿ ತಿರುಗಿಸಿದ. 46 ಮಕ್ಕಳಾದರೆ? ಒಬ್ಬ ಗೆಲ್ಲುವ ಹೊತ್ತಿಗೆ 45 ಜನ ಭವನದ ನಲ್ಲಿಗಳನ್ನೆಲ್ಲ ತಿರುಗಿಸಿರುತ್ತಾರೆ.

ಆಮೇಲೆ ಟಾಫಿ ತುಂಬಿದ ದೊಡ್ಡ ಬಲೂನ್ ಒಡೆದೆವು. ಎರಡು ತಲೆ ಡಿಕ್ಕಿ. ತೀರಾ ಚಿಕ್ಕವನಿಗೆ ಟಾಫಿ ಸಿಗಲಿಲ್ಲ, ರಬ್ಬರ್ ಚೂರು ಸಿಕ್ಕಿತು. ಬಾಯಿಗೆ ಹಾಕುವಷ್ಟರಲ್ಲಿ ಕಿತ್ತುಕೊಂಡೆ. ಗಂಟಲಿಗೆ ಅಂಟಿದರೆ ಉಸಿರೇ ಕಟ್ಟುತ್ತದೆ. ಆ ಆಟಕ್ಕೂ ಗೀಟು.

ಉಳಿದದ್ದು ಕೆರೆ-ದಡ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ, ಈಚೆ ದಡ, ಆಚೆ ಕೆರೆ. ತಪ್ಪಿದವರು ಔಟಿಲ್ಲ, ಒಂದು ಸಲ ಕಪ್ಪೆ ಹಾಗೆ ಕುಪ್ಪಳಿಸಿ ಮತ್ತೆ ಸೇರಿಕೊಳ್ಳಬೇಕು. ಐದು ನಿಮಿಷದಲ್ಲಿ ಎಲ್ಲರೂ ಬೇಕಂತಲೇ ತಪ್ಪತೊಡಗಿದರು. "ದಡ" ಅಂದರೂ ಕೆರೆಗೆ ಹಾರು, "ಕೆರೆ" ಅಂದರೂ ದಡಕ್ಕೆ ಹಾರು, ಕುಪ್ಪಳಿಸು. ಆಡಿಸುವ ನನ್ನ ಗಂಟಲು ಕಟ್ಟಿತು, ಅವರು ನಿಲ್ಲಿಸಲಿಲ್ಲ. ಭವನದಲ್ಲಿ ಇದೇ ಮುಖ್ಯ ಆಟ. ಗಿಲಕಿ ಗುಂಪಿಗೆ ಬೇರೆ ಮೂಲೆ: ಒಂದು ಜಮಖಾನ, ಸ್ಟೀಲ್ ಡಬ್ಬಿಗಳು, ಮರದ ಸೌಟು.

ಇನ್ನು 4 ದಿನ

ದೀಪ ಆರಿಸಿ ಹುಟ್ಟುಹಬ್ಬವೇ ಅಂತ ನಮ್ಮತ್ತೆ ತಿಂಗಳಿಂದ ಕೇಳುತ್ತಿದ್ದರು. ಕೇಕಿಗೆ ಮೇಣದಬತ್ತಿ ಇಲ್ಲ. ಮೊದಲು ಆರತಿ, ಆಮೇಲೆ ಚಾಕು. ಊದಲು ಸಿಗಲ್ಲ ಅಂತ ಅಕ್ಕನ ಮಗ ಮುನಿಸಿಕೊಂಡಿದ್ದಾನೆ. ಅವನಿಗೆ ಪೀಪಿ ಕೊಡಿಸುತ್ತೇನೆ ಅಂದಿದ್ದೇನೆ.

ಯಾರೂ ಯೋಚಿಸದೇ ಉಳಿದಿದ್ದು ಚಪ್ಪಲಿ. ಅಷ್ಟೂ ಜೊತೆ ಒಂದೇ ಬಾಗಿಲಲ್ಲಿ, ಅರ್ಧಕ್ಕರ್ಧ ಒಂದೇ ಥರದ ಶಾಲೆ ಶೂ. ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ಹೆಸರಿನ ಚೀಟಿ ಅಂಟಿಸಿ ಜೊತೆಗೊಂದರಂತೆ ಹಾಕೋದು ಅಂತ ಮಾಡಿದ್ದೇವೆ. ನಿನ್ನೆ ರಾತ್ರಿ ಚೀಟಿ ಬರೆಯುತ್ತಿದ್ದಾಗಲೇ ಅಕ್ಕನ ಫೋನು. "ಇನ್ನೂ ಮೂರು ಜನ ಬರ್ತಾರಂತೆ ಕಣೇ, ದೊಡ್ಡೋರೇ, ಎಲ್ಲಾ ಇವನ ಕ್ಲಾಸು."

ಎಲೆಗೆ ತೊಂದರೆ ಇಲ್ಲ. ಕ್ಲಿಪ್ಪೂ ಇವೆ. ಬುಗುರಿ 37 ಬೇಕಿತ್ತು, ಈಗ 40. ಸರಿಯಾಗಿ ಇದೆ ಅಂತ ಚೀಲ ಸುರಿದು ಎಣಿಸಿದರೆ 39. ಮಗಳನ್ನು ಕೇಳಿದೆ. ಉತ್ತರ ಕೊಡದೆ ದಿಂಬಿನ ಮೇಲೆ ಹೋಗಿ ಕೂತುಬಿಟ್ಟಳು.