ಹಿಂದಿನ ಚಕ್ರಕ್ಕೂ ಬೆಲ್ಟ್ ಬೇಕು

ಕಸ್ಟಮರ್‌ಗಳ ಬೈಕನ್ನು ವ್ಯಾನ್‌ನಲ್ಲಿ ಬೇರೆ ಊರಿಗೆ ತಲುಪಿಸುವುದು ನಮ್ಮ ಕೆಲಸ. ಟ್ರಿಪ್ ಹೊರಡಿಸುವ ಡಿಸ್ಪ್ಯಾಚ್‌ನವರು ಒಂದು ಬೈಕ್ ಲೋಡಿಂಗ್‌ಗೆ ಕೊಡುವ ಟೈಮ್ 20 ನಿಮಿಷ. ಅಷ್ಟರಲ್ಲೇ ಕಂಡೀಷನ್ ರಿಪೋರ್ಟ್ ತುಂಬಬೇಕು, ಫೋಟೋ ಹಾಕಬೇಕು, ಸಾಗಣೆ ರಸೀದಿಗೆ (ಎಲ್‌ಆರ್) ಕಸ್ಟಮರ್ ಸಹಿ ಮಾಡಿಸಬೇಕು. ಉಳಿದ ಹೊತ್ತಲ್ಲಿ ಗಾಡಿ ಹತ್ತಿಸಿ ಕಟ್ಟಬೇಕು. ಫೋಟೋ ಒಂದು ಕಮ್ಮಿಯಾದರೆ ಆ್ಯಪ್‌ನಲ್ಲಿ ಟ್ರಿಪ್ ಓಪನ್ ಆಗುವುದಿಲ್ಲ. ಬೆಲ್ಟ್ ಒಂದು ಕಮ್ಮಿಯಾದರೆ ಕೇಳುವವರೇ ಇಲ್ಲ. ಶಿರಾಡಿ ಘಾಟಿಯಲ್ಲಿ ವ್ಯಾನ್‌ನೊಳಗೆ ಬೈಕ್ ಬಿದ್ದದ್ದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ನನ್ನ ಲೆಕ್ಕಾಚಾರ. ಈ ಕೆಲಸಕ್ಕೆ ಸೇರುವ ಹುಡುಗರಿಗೆ ಇದನ್ನೆಲ್ಲ ಯಾರೂ ಕೂತು ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಮಂಗಳೂರಿಗೆ ಹೋಗಬೇಕಿದ್ದ ಹಳೇ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಅದು. ಕಾರ್ಬ್ಯುರೇಟರ್ ಗಾಡಿ, ತೂಕ 190 ಕೆಜಿ ಹತ್ತಿರ. ಟ್ರಾವೆಲರ್ ಡೆಲಿವರಿ ವ್ಯಾನ್‌ನಲ್ಲಿ ಅದರ ಜೊತೆ ಕಸ್ಟಮರ್‌ನ ಒಂದಷ್ಟು ಕಾರ್ಟನ್. ಸ್ಟೋರ್‌ನಲ್ಲಿ ಹಿಡಿ ಆಡಿಸಿ ಬಿಗಿ ಮಾಡುವ ನಾಲ್ಕು ರ‍್ಯಾಚೆಟ್ ಬೆಲ್ಟ್ ಕೇಳಿದೆ, ಎರಡು ಕೊಟ್ಟರು. ಅದೂ ಬಾಯಿ ತೆರೆದ ಎಸ್ ಕೊಕ್ಕೆಯವು, ಲಾಕ್ ಇಲ್ಲ.

ಹತ್ತಿಸುವಾಗ ಏನೂ ತೊಂದರೆ ಆಗಲಿಲ್ಲ. ರ‍್ಯಾಂಪನ್ನು ವ್ಯಾನ್‌ಗೆ ಹಗ್ಗದಲ್ಲಿ ಕಟ್ಟಿಯೇ ನಾನು ಗಾಡಿ ಮುಟ್ಟುವುದು. ಕಟ್ಟದಿದ್ದರೆ ಹಿಂದಿನ ಚಕ್ರ ತಿರುಗುವ ರಭಸಕ್ಕೆ ರ‍್ಯಾಂಪ್ ಹಿಂದಕ್ಕೆ ಜಾರುತ್ತದೆ. ಫಸ್ಟ್ ಗೇರ್‌ನಲ್ಲಿ, ಕ್ಲಚ್ ಆಡಿಸುತ್ತಾ, ಪಕ್ಕದಲ್ಲಿ ನಡೆದುಕೊಂಡೇ ಹತ್ತಿಸಬೇಕು. ಮಧ್ಯದಲ್ಲಿ ನಿಂತುಬಿಟ್ಟರೆ ಮುಂದಿನ ಬ್ರೇಕ್ ನಂಬಬೇಡಿ. ಏರಿನಲ್ಲಿ ಭಾರವೆಲ್ಲ ಹಿಂದಿನ ಚಕ್ರದ ಮೇಲಿರುತ್ತದೆ, ಮುಂದಿನದು ಬ್ರೇಕ್ ಹಿಡಿದಿದ್ದರೂ ಜಾರುತ್ತದೆ. ಎಂಜಿನ್ ಆಫ್ ಮಾಡಿ, ಗೇರ್‌ನಲ್ಲೇ ಕ್ಲಚ್ ಬಿಟ್ಟರೆ ಗಾಡಿ ಅಲ್ಲೇ ನಿಲ್ಲುತ್ತದೆ. ಇಳಿಸುವಾಗಲೂ ಹೀಗೇ: ಎಂಜಿನ್ ಆಫ್, ಗೇರ್ ಹಾಕಿ, ಕ್ಲಚ್ಚನ್ನೇ ಬ್ರೇಕ್ ಮಾಡಿಕೊಂಡು ಹಿಂದಕ್ಕೆ ಬಿಡಬೇಕು.

ಇದ್ದ ಎರಡೂ ಬೆಲ್ಟ್ ಮುಂದಕ್ಕೆ ಹಾಕಿದೆ. ಮುಂದಿನ ಫೋರ್ಕಿನ (ಶಾಕ್ ಅಬ್ಸಾರ್ಬರ್) ಎರಡು ಕೊಳವೆ ಜೋಡಿಸುವ ಕೆಳಗಿನ ಟಿ-ಗೆ ಬಟ್ಟೆ ಸುತ್ತಿ, ಎಡಕ್ಕೊಂದು ಬಲಕ್ಕೊಂದು, ಫೋರ್ಕ್ ಅರ್ಧ ಒತ್ತುವಷ್ಟು ಎಳೆದೆ. ಹಿಂದೆ ಸುಮ್ನೆ ನೈಲಾನ್ ಹಗ್ಗ ಕಟ್ಟಿ, ಎಡಕ್ಕೆ ಕಾರ್ಟನ್‌ಗಳನ್ನು ಆನಿಸಿದೆ. ಮುಂದೆ ಇಷ್ಟು ಬಿಗಿ ಇದೆ, ಇಷ್ಟು ತೂಕದ ಗಾಡಿ ಎಲ್ಲಿಗೆ ಹೋಗುತ್ತದೆ ಅಂದುಕೊಂಡೆ. ಎರಡು ಬೆಲ್ಟ್‌ನಲ್ಲಿ ಹೊರಡುವುದಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಲೇಟಾಗಿತ್ತು, ಫೋನ್ ಬರುತ್ತಲೇ ಇತ್ತು.

ಸಕಲೇಶಪುರ ದಾಟುವಾಗ ಕತ್ತಲಾಗಿತ್ತು, ಮಳೆ ಬೇರೆ. ಮಾರನಹಳ್ಳಿ ಕಳೆದು ಶಿರಾಡಿ ಘಾಟಿಯಲ್ಲಿ ಒಂದು ಗುಂಡಿಗೆ ಇಳಿದ ಕೂಡಲೇ ಹಿಂದೆ ಠಣ್ ಅಂತು. ಆಮೇಲೆ ಏನೋ ಉಜ್ಜಿದ ಸದ್ದು, ಕಾರ್ಟನ್ ಅಪ್ಪಚ್ಚಿಯಾದ ಸದ್ದು. ‘ನಿಲ್ಸಣ್ಣ’ ಅಂದೆ. ‘ಇಲ್ಲಿ ಎಲ್ಲಿ ನಿಲ್ಸಲಿ?’ ಅಂದ ಡ್ರೈವರ್. ನಿಜ, ಜಾಗ ಇರಲಿಲ್ಲ. ಮುಂದೆ ತಿರುವು, ಎದುರಿಗೆ ಮಂಗಳೂರು ಕಡೆಯಿಂದ ಲೋಡ್ ತುಂಬಿ ಏರುತ್ತಿದ್ದ ಗ್ಯಾಸ್ ಟ್ಯಾಂಕರ್‌ಗಳು, ಬೆನ್ನಿಗೆ ಅಂಟಿಕೊಂಡ ಲಾರಿ. ಸೆಕೆಂಡ್ ಗೇರ್‌ಗೆ ಇಳಿಸಿ, ಬ್ರೇಕ್ ಆದಷ್ಟು ಮುಟ್ಟದೆ ಇಳಿದೆವು. ಅಷ್ಟರಲ್ಲಿ ಪೆಟ್ರೋಲ್ ವಾಸನೆ ಕ್ಯಾಬಿನ್‌ಗೆ ಬಂತು. ಇಬ್ಬರೂ ಮಾತಾಡಲಿಲ್ಲ. ಎರಡೂ ಕಿಟಕಿ ಇಳಿಸಿದೆವು, ಮಳೆ ಒಳಗೆ ಹೊಡೆಯುತ್ತಿತ್ತು. ಅಗಲ ಜಾಗ ಸಿಗುವವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಒಳಗೆ ಎಲ್ಲಾದರೂ ಒಂದು ಕಿಡಿ ಹಾರಿದರೆ?

ನಿಲ್ಲಿಸಿದ ಮೇಲೆ ಡ್ರೈವರ್ ಹಿಂದಿನ ಲೈಟ್ ಸ್ವಿಚ್‌ಗೆ ಕೈ ಹಾಕಿದ. ಬೇಡ ಅಂತ ಕೂಗಿದೆ. ಪೆಟ್ರೋಲ್ ಹಬೆ ಗಾಳಿಗಿಂತ ಭಾರ, ಮುಚ್ಚಿದ ವ್ಯಾನ್‌ನಲ್ಲಿ ನೆಲದ ಮೇಲೇ ಕೂತಿರುತ್ತದೆ. ಬಾಗಿಲುಗಳನ್ನು ಪೂರ್ತಿ ತೆರೆದು ದೂರ ನಿಂತು ಗಾಳಿಯಾಡಲು ಬಿಟ್ಟೆವು. ಒಳಗೆ ಹೋದರೆ ಗಾಡಿ ಎಡಕ್ಕೆ ವಾಲಿ ಕಾರ್ಟನ್ ಮೇಲೆ ಮಲಗಿತ್ತು. ಕ್ಲಚ್ ಲಿವರ್ ಬಾಗಿತ್ತು, ಟ್ಯಾಂಕ್ ವ್ಯಾನ್‌ನ ಪಟ್ಟಿಗೆ ತಗುಲಿ ಬಣ್ಣ ಹೋಗಿತ್ತು. ಟ್ಯಾಂಕ್‌ನಿಂದ ಪೆಟ್ರೋಲ್ ಬಿಡುವ ಕಾಕ್ ಆನ್‌ನಲ್ಲೇ ಇತ್ತು. ಗಾಡಿ ವಾಲಿದಾಗ ಕಾರ್ಬ್ಯುರೇಟರ್ ಉಕ್ಕಿ ಓವರ್‌ಫ್ಲೋ ಪೈಪ್‌ನಿಂದ ತೊಟ್ಟಿಕ್ಕುತ್ತಿತ್ತು. ರೈಲಿನಲ್ಲಿ ಬೈಕ್ ಪಾರ್ಸೆಲ್ ಹಾಕುವಾಗ ಟ್ಯಾಂಕ್ ಖಾಲಿ ಮಾಡಿಸುತ್ತಾರಲ್ವಾ? ಅದು ಬರೀ ಕಿರಿಕಿರಿ ಅಂತ ಗೊಣಗುವವರು ಆ ವಾಸನೆ ಒಂದು ಸಲ ಕುಡಿಯಬೇಕು.

ನಡೆದದ್ದು ಇಷ್ಟು. ತೂಕ ಇದ್ದರೆ ಗಾಡಿ ಕದಲುವುದಿಲ್ಲ ಅಂತ ನಾನು ನಂಬಿದ್ದೆ. ತಿರುವಿನಲ್ಲಿ ಹೊರಕ್ಕೆ ತಳ್ಳುವುದು ಅದೇ ತೂಕ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಹಿಂದಿನ ಚಕ್ರ ವ್ಯಾನ್‌ನ ನೆಲದ ಶೀಟ್ ಮೇಲೆ ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಯಿತು. ಗಾಡಿ ಸೊಟ್ಟಗಾದಂತೆ ಬಲಗಡೆ ಬೆಲ್ಟ್ ಸಡಿಲಾಯಿತು. ಗುಂಡಿಯಲ್ಲಿ ಫೋರ್ಕ್ ಇನ್ನಷ್ಟು ಒತ್ತಿಕೊಂಡಾಗ ಬಾಯಿ ತೆರೆದ ಕೊಕ್ಕೆ ಕಳಚಿಕೊಂಡಿತು. ಎಡದ ಬೆಲ್ಟ್ ಹಾಗೇ ಇತ್ತಲ್ಲ ಅನ್ನಬಹುದು. ಅದೇ ಗಾಡಿಯನ್ನು ಕೆಡವಿದ್ದು. ಜೋಡಿ ತಪ್ಪಿದ ಬೆಲ್ಟ್ ಗಾಡಿಯನ್ನು ಹಿಡಿಯುವುದಿಲ್ಲ, ತನ್ನ ಕಡೆಗೆ ಎಳೆಯುತ್ತದೆ.

ಮಂಗಳೂರಿನಲ್ಲಿ ಕಸ್ಟಮರ್‌ಗೆ ಆದದ್ದನ್ನೆಲ್ಲ ಹೇಳಿದೆ, ಗಾಡಿ ತಲುಪಿದ್ದಕ್ಕೆ ಸಹಿ ಮಾಡಿಸುವ ಪಿಒಡಿ ಚೀಟಿಯಲ್ಲೂ ಬರೆದೆ. ಆಫೀಸಿನಲ್ಲಿ ಅದಕ್ಕೇ ಬೈಸಿಕೊಂಡೆ, ‘ಮೈನರ್ ಸ್ಕ್ರ್ಯಾಚ್’ ಅಂತ ಹಾಕಬೇಕಿತ್ತಂತೆ. ಬೆಲ್ಟ್ ಯಾಕೆ ಎರಡೇ ಕೊಟ್ಟಿರಿ ಅಂತ ನಾನು ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಇಲ್ಲ. ಕಸ್ಟಮರ್ ತನ್ನ ಗಾಡಿಯನ್ನು ನಮ್ಮ ಕೈಗೆ ಕೊಟ್ಟು ಬಸ್ ಹತ್ತಿರುತ್ತಾನೆ. ಅವನಿಗೆ ಸುಳ್ಳು ಬರೆದುಕೊಡಲು ನನಗೆ ಆಗುವುದಿಲ್ಲ.

ಈಗ ಲಾಕ್ ಕೊಕ್ಕೆಯ ನಾಲ್ಕು ಬೆಲ್ಟ್, ಕೊಕ್ಕೆ ಸಿಕ್ಕಿಸಲು ಬಟ್ಟೆ ಪಟ್ಟಿಯ ಸಾಫ್ಟ್ ಲೂಪ್ ನನ್ನದೇ ಬ್ಯಾಗ್‌ನಲ್ಲಿರುತ್ತವೆ, ಸ್ವಂತ ದುಡ್ಡಿನವು. ಮುಂದಿನ ಚಕ್ರವನ್ನು ಮರದ ಅಡ್ಡೆಗೆ ಒತ್ತಿಸಿ ಮುಂದಕ್ಕೆ ಎರಡು, ಹಿಂದೆ ಸೀಟಿನ ಕೆಳಗಿನ ಫ್ರೇಮ್‌ನಿಂದ ಎರಡೂ ಪಕ್ಕಕ್ಕೆ ಎರಡು. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಬೆಲ್ಟ್ ಎಳೆಯುವುದಿಲ್ಲ, ಅದರಿಂದ ಸ್ಟ್ಯಾಂಡೂ ಬಾಗುತ್ತದೆ, ಫ್ರೇಮಿಗೂ ಪೆಟ್ಟು. ಫೋರ್ಕನ್ನು ಪೂರ್ತಿ ಕೂರಿಸುವುದೂ ಇಲ್ಲ, ಆಯಿಲ್ ಸೀಲ್ ಹಾಳಾಗಬಹುದು. ಕಾಕ್ ಆಫ್ ಮಾಡಿದ ಫೋಟೋ ತೆಗೆಯುತ್ತೇನೆ, ಆ್ಯಪ್ ಕೇಳದಿದ್ದರೂ. ಕಾರ್ಟನ್‌ಗೂ ಬೈಕಿಗೂ ನಂಟಿಲ್ಲದಂತೆ ಬೇರೆ ಮೂಲೆಯಲ್ಲಿ ಕಟ್ಟುತ್ತೇನೆ.

ಹೊರಟ ಮೊದಲ ಒಂದಷ್ಟು ಕಿಲೋಮೀಟರ್‌ನಲ್ಲಿ ಬೆಲ್ಟ್ ಹದಕ್ಕೆ ಬಂದು ಸಡಿಲಾಗುತ್ತದೆ. ಅದಕ್ಕೆ ನೆಲಮಂಗಲ ದಾಟಿ ನಿಲ್ಲಿಸಿ ನಾಲ್ಕನ್ನೂ ಮತ್ತೆ ಬಿಗಿ ಮಾಡುತ್ತೇನೆ. ಜಿಪಿಎಸ್‌ನಲ್ಲಿ ವ್ಯಾನ್ ನಿಂತದ್ದು ಕಂಡ ಕೂಡಲೇ ಡಿಸ್ಪ್ಯಾಚ್‌ನಿಂದ ಫೋನ್ ಬರುತ್ತದೆ. ಬೆಲ್ಟ್ ನೋಡುತ್ತಿದ್ದೇನೆ, ಸಕಲೇಶಪುರದಲ್ಲೂ ನಿಲ್ಲಿಸುತ್ತೇನೆ ಅಂತ ಮೊದಲೇ ಹೇಳಿಬಿಡುತ್ತೇನೆ.